ಗಲ್ಲಾದಲ್ಲಿ ಸಿಗುವುದು, ಔಷಧಿ ಅಂಗಡಿಯಲ್ಲಿ ಸಿಗದ್ದು

ಮಂಜಲ್‌ಪುರದ ನಮ್ಮ ಸೊಸೈಟಿಯ ಗೇಟು ದಾಟಿ ಇಪ್ಪತ್ತು ಹೆಜ್ಜೆ ನಡೆದರೆ ಒಂದು ಪಾನ್ ಗಲ್ಲಾ. ನಮ್ಮ ಕಡೆ ಬೀಡಾ ಅಂಗಡಿ ಅನ್ನುತ್ತೇವಲ್ಲ, ಅದೇ. ರಾತ್ರಿ ಹನ್ನೊಂದಾದರೂ ಅಲ್ಲಿ ನಾಲ್ಕು ಬೈಕು ನಿಂತಿರುತ್ತವೆ. ಗಲ್ಲಾದವನು ಪ್ಲಾಸ್ಟಿಕ್ ಹಾಳೆಯ ಮೇಲೆ ಅಡಿಕೆ ಚೂರು ಸುರಿದು, ತಂಬಾಕು ಉದುರಿಸಿ, ಸುಣ್ಣದ ನೀರು ಚಿಮುಕಿಸಿ, ಮಡಚಿ, ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತಾನೆ. ಕೊಂಡವರು ಅದನ್ನು ಅಂಗೈಯಲ್ಲಿಟ್ಟು ಚೆನ್ನಾಗಿ ತಿಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಇದರ ಹೆಸರು ಮಾವಾ. ಗುಜರಾತಿನಲ್ಲಿರುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ, ಬೇರೆ ಊರುಗಳ ಓದುಗರಿಗಾಗಿ ಬರೆದೆ.

ನಮ್ಮ ಕೆಳಗಿನ ಮನೆಯ ಕಾಕಾ ಮೂವತ್ತು ವರ್ಷ ಈ ಮಾವಾ ತಿಂದವರು. ಕಾರ್ಖಾನೆಯಲ್ಲಿ ಪಾಳಿ ಕೆಲಸ. ರಾತ್ರಿ ಪಾಳಿಯಲ್ಲಿ ನಿದ್ದೆ ಬಾರದಿರಲಿ ಅಂತ ಹಿಡಿದ ಅಭ್ಯಾಸ. ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಮೊದಲು ಬಾಯಿ ಪೂರ್ತಿ ತೆರೆಯಲಾಗದೆ ಹೋಯಿತು, ಆಮೇಲೆ ದವಡೆಯ ಒಳಗೆ ವಾಸಿಯಾಗದ ಹುಣ್ಣು. ಅದು ಕ್ಯಾನ್ಸರ್ ಅಂತ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಶಸ್ತ್ರಚಿಕಿತ್ಸೆ, ರೇಡಿಯೇಷನ್ ಎಲ್ಲ ಮುಗಿದು ಒಂದು ವರ್ಷ ಚೆನ್ನಾಗಿದ್ದರು. ಮತ್ತೆ ಬಂತು.

ನನ್ನದು ಸಾಫ್ಟ್‌ವೇರ್ ಕೆಲಸ, ರಾತ್ರಿ ಅಮೆರಿಕದವರ ಜೊತೆ ಕಾಲ್ ಇರುತ್ತದೆ. ಹೋದ ಚಳಿಗಾಲದಲ್ಲಿ ಮೈಕ್ ಮ್ಯೂಟ್ ಮಾಡಿದಾಗಲೆಲ್ಲ ಕೆಳಗಿನಿಂದ ಕಾಕಾ ನರಳುವುದು ಕೇಳುತ್ತಿತ್ತು. 'ಬಹು ದುಖೆ ಛೆ, ದೀಕ್ರಾ' ಅನ್ನುತ್ತಿದ್ದರು. ಒಂದು ರಾತ್ರಿ ಅವರ ಮಗ ಬಂದು ಬಾಗಿಲು ತಟ್ಟಿದ. ಕೈಯಲ್ಲಿ ವೈದ್ಯರ ಚೀಟಿ. ಅದರಲ್ಲಿ ಮಾರ್ಫಿನ್ ಮಾತ್ರೆ ಬರೆದಿತ್ತು. ಇಬ್ಬರೂ ಸ್ಕೂಟರಿನಲ್ಲಿ ಹೊರಟೆವು. ಮೊದಲ ಅಂಗಡಿಯಲ್ಲಿ 'ಇಲ್ಲ' ಅಂದರು. ಎರಡನೆಯದರಲ್ಲಿ 'ನಾವು ಇಡುವುದೇ ಇಲ್ಲ' ಅಂದರು. ಮೂರನೆಯ ಅಂಗಡಿಯವನು ಚೀಟಿ ನೋಡಿ, ನಮ್ಮಿಬ್ಬರ ಮುಖ ನೋಡಿ, ಚೀಟಿಯನ್ನು ಮುಟ್ಟದೆ ವಾಪಸ್ ತಳ್ಳಿದ. ಬರಿಗೈಯಲ್ಲಿ ಮರಳಿ ಬಂದಾಗ ಗಲ್ಲಾ ಇನ್ನೂ ತೆರೆದಿತ್ತು. 'ಕಾಕಾ ಹೇಗಿದ್ದಾರೆ?' ಅಂತ ಗಲ್ಲಾದವನು ಕೇಳಿದ. ಪಾಪ, ಅಕ್ಕರೆಯಿಂದಲೇ ಕೇಳಿದ.

ಕಾಕಾರ ಬಾಯಿಗೆ ಹುಣ್ಣು ತಂದ ಸಾಮಾನು ಇಪ್ಪತ್ತು ಹೆಜ್ಜೆಯಲ್ಲಿ ಸಿಗುತ್ತದೆ. ಆ ಹುಣ್ಣಿನ ನೋವು ತಗ್ಗಿಸುವ ಮಾತ್ರೆ ಮೂರು ಅಂಗಡಿ ಸುತ್ತಿದರೂ ಸಿಗಲಿಲ್ಲ. ಮರುದಿನ ಮಧ್ಯಾಹ್ನ, ಅನುಮತಿ ಪಡೆದ ಒಂದು ಆಸ್ಪತ್ರೆಯಿಂದ ಅದು ಬಂತು. ಆ ರಾತ್ರಿ ಕೆಳಗಿನ ಮನೆ ಶಾಂತವಾಗಿತ್ತು. ನನಗೆ ಮಾತ್ರ ನಿದ್ದೆ ಬರಲಿಲ್ಲ. ಇದು ಹೀಗೇಕೆ ಅಂತ ಓದಲು ಶುರುಮಾಡಿದೆ. ಓದುತ್ತ ಹೋದಂತೆ ನೋವು, ಅಫೀಮು, ನಿಕೋಟಿನ್ ಮೂರನ್ನೂ ಬೆನ್ನಟ್ಟಿ ಬದುಕು ಸವೆಸಿದ ಕೆಲವು ವಿಜ್ಞಾನಿಗಳು ಸಿಕ್ಕರು. ಅವರ ಕತೆಯನ್ನೇ ಇಲ್ಲಿ ಹೇಳುತ್ತಿದ್ದೇನೆ.

ಬೀಗ ಯಾವುದು, ಕೀಲಿ ಯಾವುದು

ಅಫೀಮಿನಿಂದ ಮಾರ್ಫಿನ್ ಬೇರ್ಪಡಿಸಿದ್ದು ಜರ್ಮನಿಯ ಸೆರ್ಟುರ್ನರ್ ಎಂಬ ಔಷಧಿ ಅಂಗಡಿಯ ಯುವಕ, 19ನೆಯ ಶತಮಾನದ ಆರಂಭದಲ್ಲಿ. ತಂಬಾಕಿನಿಂದ ನಿಕೋಟಿನ್ ಬೇರ್ಪಟ್ಟಿದ್ದು 1828ರಲ್ಲಿ, ಅದೂ ಜರ್ಮನಿಯ ಹೈಡೆಲ್‌ಬರ್ಗಿನಲ್ಲೇ. ಎರಡೂ ಗಿಡಗಳು ಕೀಟಗಳಿಂದ, ದನಕರುಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ತಯಾರಿಸಿಕೊಳ್ಳುವಂಥ ಕಹಿ ರಾಸಾಯನಿಕಗಳು. ಇವು ಮನುಷ್ಯನ ಮಿದುಳಿನಲ್ಲಿ ಇಷ್ಟು ಕೆಲಸ ಮಾಡುವುದು ಹೇಗೆ ಅನ್ನುವುದು ಬಹುಕಾಲ ತಿಳಿದಿರಲಿಲ್ಲ.

ಮೊದಲ ಸುಳಿವು ಕೊಟ್ಟಿದ್ದು ನಿಕೋಟಿನ್. 1905ರಲ್ಲಿ ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲಿ ಸ್ನಾಯುವಿನ ಮೇಲೆ ನಿಕೋಟಿನ್ ಹಾಕಿ, ಅದು ಬಿಗಿಯಾಗುವುದನ್ನು ನೋಡಿದರು. ಕ್ಯುರಾರೆ ಎಂಬ ವಿಷ ಹಾಕಿದರೆ ಆ ಬಿಗಿತ ಇಳಿಯುತ್ತಿತ್ತು. ಹಾಗಾದರೆ ಜೀವಕೋಶದ ಮೇಲೆ ಈ ವಸ್ತುಗಳನ್ನು ಹಿಡಿದುಕೊಳ್ಳುವ ಏನೋ ಒಂದು ಇರಬೇಕು ಅಂದರು. ಇಂದು ನಾವು ರಿಸೆಪ್ಟರ್ ಅನ್ನುವ ಕಲ್ಪನೆ ಬೆಳೆದಿದ್ದು ಅಲ್ಲಿಂದ. ಕೋಶದ ಮೇಲೆ ಬೀಗ, ರಾಸಾಯನಿಕವೇ ಕೀಲಿ ಅಂದುಕೊಂಡರೆ ಸಾಕು.

ಮಾರ್ಫಿನ್‌ನ ಬೀಗ ಸಿಗಲು ಇನ್ನೂ ಎಪ್ಪತ್ತು ವರ್ಷ ಬೇಕಾಯಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸಾಲೊಮನ್ ಸ್ನೈಡರ್ ಅವರ ವಿದ್ಯಾರ್ಥಿನಿ ಕ್ಯಾಂಡೇಸ್ ಪರ್ಟ್ ಅದನ್ನು ಕಂಡರು. ಪರ್ಟ್ ಪಿಎಚ್‌ಡಿಗೆ ಸೇರುವ ಮೊದಲು ಕುದುರೆಯಿಂದ ಬಿದ್ದು ಬೆನ್ನು ಮುರಿದುಕೊಂಡು, ಆಸ್ಪತ್ರೆಯಲ್ಲಿ ಮಾರ್ಫಿನ್ ಪಡೆದಿದ್ದವರು. ಅವರ ಪ್ರಬಂಧ 1973ರ ಮಾರ್ಚಿನಲ್ಲಿ ಬಂತು. ಅದೇ ವರ್ಷ ನ್ಯೂಯಾರ್ಕಿನ ಎರಿಕ್ ಸೈಮನ್, ಸ್ವೀಡನ್ನಿನ ಲಾರ್ಸ್ ಟೆರೇನಿಯಸ್ ಕೂಡ ಬೇರೆ ಬೇರೆಯಾಗಿ ಇದನ್ನೇ ತೋರಿಸಿದರು.

ಬೀಗ ಸಿಕ್ಕಿತು. ಆದರೆ ಗಸಗಸೆ ಗಿಡದ ಹಾಲಿಗೆ ಹೊಂದುವ ಬೀಗ ಮನುಷ್ಯನ ಮಿದುಳಿನಲ್ಲಿ ಏಕಿರಬೇಕು? ನಮ್ಮ ದೇಹವೇ ತಯಾರಿಸುವ ಕೀಲಿಯೊಂದು ಇರಲೇಬೇಕಲ್ಲ?

ನಿವೃತ್ತಿಯ ನಂತರದ ಶೋಧ

ಆ ಕೀಲಿ ಹುಡುಕಿದವರ ಕತೆ ನನಗೆ ತುಂಬ ಹಿಡಿಸಿತು. ಹಾನ್ಸ್ ಕಾಸ್ಟರ್ಲಿಟ್ಜ್ 1903ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ವೈದ್ಯ. ಯೆಹೂದಿ ಮೂಲದವರಾದ್ದರಿಂದ ಹಿಟ್ಲರ್ ಬಂದ ಮೇಲೆ ಕೆಲಸ ಹೋಯಿತು. 1934ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಬಂದರು. ಅಂದರೆ ಅವರೂ ಹೊಟ್ಟೆಪಾಡಿಗೆ ಊರು ಬಿಟ್ಟವರೇ, ಆದರೆ ನಮ್ಮ ಹಾಗೆ ಹಬ್ಬಕ್ಕೆ ವಾಪಸ್ ಹೋಗಲು ಊರು ಉಳಿದಿರಲಿಲ್ಲ. ಅಲ್ಲಿ ವರ್ಷಗಟ್ಟಲೆ ಬೇರೆ ಬೇರೆ ವಿಷಯ ಮಾಡಿ, ಕೊನೆಗೆ ಗಿನಿಪಿಗ್‌ನ ಕರುಳಿನ ತುಂಡಿನ ಮೇಲೆ ಪ್ರಯೋಗಕ್ಕೆ ನಿಂತರು. ವಿದ್ಯುತ್ ಕೊಟ್ಟರೆ ಕರುಳು ಮಿಡಿಯುತ್ತದೆ, ಮಾರ್ಫಿನ್ ಹಾಕಿದರೆ ಮಿಡಿತ ತಗ್ಗುತ್ತದೆ. ಮಾರ್ಫಿನ್ ತೆಗೆದುಕೊಂಡವರಿಗೆ ಮಲಬದ್ಧತೆ ಆಗುವುದು ಇದೇ ಕಾರಣಕ್ಕೆ. ನಮ್ಮ ಕಾಕಾರಿಗೂ ಆಗಿತ್ತು, ವೈದ್ಯರು ಅದಕ್ಕೆಂದೇ ಜೊತೆಯಲ್ಲಿ ಇನ್ನೊಂದು ಔಷಧಿ ಕೊಟ್ಟಿದ್ದರು.

1973ರಲ್ಲಿ ಎಪ್ಪತ್ತು ತುಂಬಿ ನಿವೃತ್ತಿ. ಆ ವಯಸ್ಸಿನಲ್ಲಿ ಅವರು ವ್ಯಸನ ತರುವ ಔಷಧಗಳ ಸಂಶೋಧನೆಗೆಂದು ಅಬರ್ಡೀನ್‌ನಲ್ಲೇ ಒಂದು ಹೊಸ ಘಟಕ ಕಟ್ಟಿದರು. ಜೊತೆಗಿದ್ದವರು ಜಾನ್ ಹ್ಯೂಸ್ ಎಂಬ ಕಿರಿಯ ವಿಜ್ಞಾನಿ. ಹ್ಯೂಸ್ ಬೆಳಗಿನ ಜಾವ ಸೈಕಲ್ ಹತ್ತಿ ಕಸಾಯಿಖಾನೆಗೆ ಹೋಗಿ, ಅಲ್ಲಿಯವರನ್ನು ಒಲಿಸಿಕೊಂಡು ಹಂದಿಗಳ ಮಿದುಳು ತರುತ್ತಿದ್ದರು. ಅದನ್ನು ಅರೆದು, ಸೋಸಿ, ಮಿಡಿಯುವ ಅಂಗಾಂಶದ ಮೇಲೆ ಹಾಕಿ ನೋಡುವುದು. ಮಾರ್ಫಿನ್‌ನಂತೆಯೇ ಮಿಡಿತ ತಗ್ಗಬೇಕು, ಮಾರ್ಫಿನ್‌ನ ವಿರೋಧಿಯಾದ ನಲಾಕ್ಸೋನ್ ಹಾಕಿದರೆ ಮಿಡಿತ ಮರಳಬೇಕು. ಈ ಎರಡು ಪರೀಕ್ಷೆ ದಾಟಿದ ವಸ್ತು ಕೊನೆಗೂ ಸಿಕ್ಕಿತು. 1975ರ ಡಿಸೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಐದೈದು ಅಮೈನೋ ಆಮ್ಲಗಳ ಎರಡು ಪುಟ್ಟ ಸರಪಳಿಗಳು, ಕೊನೆಯ ಮಣಿ ಮಾತ್ರ ಬೇರೆ. ಗ್ರೀಕಿನಲ್ಲಿ 'ತಲೆಯೊಳಗಿನದು' ಎಂಬ ಅರ್ಥ ಬರುವಂತೆ ಎನ್ಕೆಫಾಲಿನ್ ಅಂತ ಹೆಸರಿಟ್ಟರು.

ನೋವು ತಗ್ಗಿಸುವ ಔಷಧಿ ನಮ್ಮ ತಲೆಯೊಳಗೇ ತಯಾರಾಗುತ್ತದೆ. 1978ರಲ್ಲಿ ಅಮೆರಿಕದಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ನಡೆದ ಒಂದು ಪ್ರಯೋಗ ಇದನ್ನು ಇನ್ನೊಂದು ರೀತಿಯಲ್ಲಿ ತೋರಿಸಿತು. ಬರೀ ಸುಳ್ಳು ಔಷಧಿ ಕೊಟ್ಟರೂ ಕೆಲವರ ನೋವು ಇಳಿಯುತ್ತದೆ. ಆದರೆ ನಲಾಕ್ಸೋನ್ ಕೊಟ್ಟರೆ ಆ ಇಳಿತ ಹೋಗಿಬಿಡುತ್ತದೆ. ಅಂದರೆ ನಂಬಿಕೆಯೂ ಈ ಬೀಗದ ಮೂಲಕವೇ ಕೆಲಸ ಮಾಡುತ್ತಿತ್ತು. ಚಿಕ್ಕಂದಿನಲ್ಲಿ ಮಂಡಿ ತರಚಿದಾಗ ಆಯಿ 'ಉಫ್' ಅಂತ ಊದಿದರೆ ನೋವು ಕಡಿಮೆಯಾಗುತ್ತಿತ್ತಲ್ಲ, ಅದು ನಮ್ಮ ಭ್ರಮೆಯಾಗಿರಲಿಲ್ಲ.

ನೋವು ಮತ್ತು ದುಃಖ

ಗುಜರಾತಿಯಲ್ಲಿ ತಲೆ ನೋಯುತ್ತಿದೆ ಅನ್ನಲು 'ಮಾಥುಂ ದುಖೆ ಛೆ' ಅನ್ನುತ್ತಾರೆ. ಮೊದಮೊದಲು ನನಗೆ ವಿಚಿತ್ರ ಅನ್ನಿಸುತ್ತಿತ್ತು. ತಲೆಗೆಂಥ ದುಃಖ? ಆಮೇಲೆ ಯೋಚಿಸಿದರೆ ನಮ್ಮಲ್ಲೂ ಹಾಗೇ. ಕಾಲಿಗೂ ನೋವು, ಮನಸ್ಸಿಗೂ ನೋವು, ಪದ ಒಂದೇ.

ಭಾಷೆ ಹೇಳಿದ್ದನ್ನು ನರವಿಜ್ಞಾನವೂ ಹೇಳುತ್ತದೆ. ನೋವು ಎಂದರೆ ಗಾಯದಿಂದ ಮಿದುಳಿಗೆ ಹೋಗುವ ತಂತಿ ಸಂದೇಶ ಮಾತ್ರವಲ್ಲ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಬೆನ್ನುಹುರಿಯಲ್ಲೇ ಒಂದು ಗೇಟು ಇದೆ ಅಂದರು. ಪೆಟ್ಟು ಬಿದ್ದ ಜಾಗವನ್ನು ಉಜ್ಜಿಕೊಂಡರೆ ಆ ಸ್ಪರ್ಶದ ಸಂದೇಶ ಗೇಟನ್ನು ಅರ್ಧ ಮುಚ್ಚುತ್ತದೆ. ಭಯ, ಒಂಟಿತನ, ನಿದ್ದೆಗೇಡು ಗೇಟನ್ನು ಅಗಲಿಸುತ್ತವೆ. ಮಿದುಳಿನಲ್ಲಿ 'ಎಲ್ಲಿ ನೋಯುತ್ತಿದೆ' ಅನ್ನುವ ಲೆಕ್ಕ ಒಂದು ಕಡೆ, 'ಇದು ಸಹಿಸಲಾಗದು' ಅನ್ನುವ ಸಂಕಟ ಇನ್ನೊಂದು ಕಡೆ. ಮಾರ್ಫಿನ್ ಎರಡಕ್ಕೂ ಕೈಹಾಕುತ್ತದೆ. ಮಾತ್ರೆ ಸಿಕ್ಕ ಮೂರನೆಯ ದಿನ ಕಾಕಾ ನನಗೆ ಹೇಳಿದ್ದು ನೆನಪಿದೆ: 'ನೋವು ಇದೆ ದೀಕ್ರಾ, ಆದರೆ ಪಕ್ಕದ ಕೋಣೆಯಲ್ಲಿ ಕೂತಿದೆ.'

2020ರಲ್ಲಿ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು ನೋವಿನ ವ್ಯಾಖ್ಯೆಯನ್ನು ತಿದ್ದಿತು. ಆ ಸಮಿತಿಯ ಮುಂದಾಳು ಜಾನ್ಸ್ ಹಾಪ್ಕಿನ್ಸ್‌ನ ಡಾ. ಶ್ರೀನಿವಾಸ ರಾಜಾ. ಅದರ ಟಿಪ್ಪಣಿಯಲ್ಲಿ ಎರಡು ಮಾತು ನಮ್ಮಂಥವರು ನೆನಪಿಡಬೇಕು: ನೋವಿದೆ ಅಂತ ಒಬ್ಬರು ಹೇಳಿದರೆ ಅದನ್ನು ಗೌರವಿಸಬೇಕು, ಹೇಳಲು ಬಾರದವರಿಗೆ ನೋವಿಲ್ಲ ಅಂದುಕೊಳ್ಳಬಾರದು.

ಬೆಂಗಳೂರಿನ ಇಲಿಗಳು

ಮಾರ್ಫಿನ್ ತಂದ ದಿನ ಸೌರಾಷ್ಟ್ರದಿಂದ ಕಾಕಾರ ಸೋದರಮಾವನ ಮಗ ಬಂದಿದ್ದರು. ಮಾತ್ರೆಯ ಹೆಸರು ಕೇಳಿ 'ಇದು ಅಫೀಣ್. ಚಟ ಹತ್ತಿಬಿಡುತ್ತದೆ, ಕೊಡಬೇಡಿ' ಅಂದರು. ಹಾಗೆ ಹೇಳುವಾಗ ಅವರ ಕೆನ್ನೆಯಲ್ಲಿ ಮಾವಾ ಇತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಅವರ ಭಯಕ್ಕೆ ಕಾರಣ ಇಲ್ಲದಿಲ್ಲ. ಅಫೀಮನ್ನು ನೀರಿನಲ್ಲಿ ಕದಡಿ ಅತಿಥಿಗಳಿಗೆ ಕೊಡುವ ಕಸುಂಬೋ ಪದ್ಧತಿ ಕಂಡ ಪ್ರದೇಶದವರು ಅವರು.

ಹಾಗಾದರೆ ಚಟ ಎಂದರೇನು? ಇಲ್ಲಿ ನಮ್ಮ ಬೆಂಗಳೂರು ಬರುತ್ತದೆ. 1954ರಲ್ಲಿ ಕೆನಡಾದಲ್ಲಿ ಓಲ್ಡ್ಸ್ ಮತ್ತು ಮಿಲ್ನರ್, ಇಲಿಯ ಮಿದುಳಿನ ಕೆಲವು ಜಾಗಗಳಲ್ಲಿ ತೆಳು ತಂತಿ ಇಟ್ಟು, ಸನ್ನೆ ಒತ್ತಿದರೆ ಸಣ್ಣ ವಿದ್ಯುತ್ ಹರಿಯುವಂತೆ ಮಾಡಿದ್ದರು. ಇಲಿಗಳು ಬಿಟ್ಟೂಬಿಡದೆ ಒತ್ತುತ್ತಲೇ ಇದ್ದವು. ಮಿದುಳಿನಲ್ಲಿ 'ಇನ್ನೊಮ್ಮೆ' ಅನ್ನಿಸುವ ದಾರಿಯೊಂದಿದೆ ಅಂತ ಹಾಗೆ ತಿಳಿಯಿತು. ಬೆಂಗಳೂರಿನ ನಿಮ್ಹಾನ್ಸ್‌ನ ನರಶರೀರಕ್ರಿಯಾ ವಿಭಾಗದಲ್ಲಿ ಟಿ. ದೇಸಿರಾಜು, ಟಿ.ಆರ್. ರಾಜು, ಬಿ.ಎಸ್. ಶಂಕರನಾರಾಯಣ ರಾವ್ ಅವರು ಈ ದಾರಿಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಈ ಸುಖದ ಅನುಭವವನ್ನು ದಿನವೂ ಪಡೆದ ಇಲಿಗಳ ಮಿದುಳಿನಲ್ಲಿ ನರಕೋಶಗಳ ಕೊಂಬೆಗಳೇ ಬದಲಾಗುತ್ತವೆ ಅಂತ 1993ರ ಅವರ ಪ್ರಬಂಧ ತೋರಿಸಿತು. ಅಂದರೆ ಆ ಅನುಭವ ಹರಿದುಹೋಗುವ ಮಿಂಚಲ್ಲ, ಮಿದುಳಿನ ಕಟ್ಟಡದಲ್ಲೇ ಗುರುತು ಬಿಡುತ್ತದೆ. ಮುಂದೆ 2008ರಲ್ಲಿ ಅದೇ ವಿಭಾಗದವರು ಇನ್ನೊಂದು ಮಗ್ಗುಲು ತೋರಿಸಿದರು: ಒತ್ತಡದಿಂದ ಕುಗ್ಗಿದ ನರಕೊಂಬೆಗಳು, ಕಳೆದುಹೋದ ನೆನಪಿನ ಶಕ್ತಿ ಇದೇ ದಾರಿಯನ್ನು ಚುರುಕುಗೊಳಿಸಿದಾಗ ಚೇತರಿಸಿಕೊಳ್ಳುತ್ತವೆ. ದಾರಿ ತಾನಾಗಿ ಕೆಟ್ಟದ್ದಲ್ಲ. ಊಟ, ಗೆಳೆತನ, ಮಗುವಿನ ನಗು ಎಲ್ಲಕ್ಕೂ ಅದೇ ದಾರಿ.

ನಿಕೋಟಿನ್ ಮತ್ತು ಅಫೀಮು ಎರಡೂ ಈ ದಾರಿಯನ್ನೇ ಕಬಳಿಸುತ್ತವೆ, ಬೇರೆ ಬೇರೆ ಬಾಗಿಲಿನಿಂದ. ನಿಕೋಟಿನ್ ತನ್ನ ರಿಸೆಪ್ಟರಿಗೆ ಅಂಟಿ ಡೋಪಮಿನ್ ಕೋಶಗಳನ್ನು ನೇರವಾಗಿ ತಟ್ಟಿ ಎಬ್ಬಿಸುತ್ತದೆ. ಅಫೀಮು ಆ ಕೋಶಗಳಿಗೆ ಕಾವಲಿರುವ ಬೇರೆ ಕೋಶಗಳನ್ನು ಮಲಗಿಸಿ, ಅಂಕೆ ತಪ್ಪಿಸುತ್ತದೆ. ಸಿಗರೇಟಿನ ಹೊಗೆಯಾದರೆ ನಿಕೋಟಿನ್ ಮಿದುಳು ಮುಟ್ಟಲು ಕೆಲವೇ ಸೆಕೆಂಡು. ಮಾವಾದಲ್ಲಿ ಅದು ಬಾಯಿಯ ಪೊರೆಯಿಂದ ನಿಧಾನವಾಗಿ ಇಳಿಯುತ್ತದೆ, ಆ ಇಳಿತಕ್ಕೆ ದಾರಿ ಸಲೀಸು ಮಾಡುವುದೇ ಸುಣ್ಣ. ಗಲ್ಲಾದವನ ಕೈಯ ಸುಣ್ಣದ ನೀರಿನಲ್ಲಿ ಅಷ್ಟು ರಸಾಯನ ವಿಜ್ಞಾನ ಇದೆ.

ಕಾಕಾರ ಮಾತ್ರೆಗೂ ಮಾವಾಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಚಟ ಕುದುರುವುದು ವೇಗದಿಂದ, ಸುಖಕ್ಕಾಗಿ ಮತ್ತೆ ಮತ್ತೆ ತೆಗೆದುಕೊಳ್ಳುವುದರಿಂದ, ತಡೆಯುವವರಿಲ್ಲದಿರುವುದರಿಂದ. ಕ್ಯಾನ್ಸರ್ ನೋವಿಗೆ ಕೊಡುವ ಮಾರ್ಫಿನ್ ಮಾತ್ರೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ, ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡುತ್ತಾರೆ, ಪ್ರಮಾಣ ವೈದ್ಯರ ಕೈಯಲ್ಲಿರುತ್ತದೆ. ದೇಹಕ್ಕೆ ಅದು ಅಭ್ಯಾಸವಾಗುತ್ತದೆ, ನಿಜ. ಥಟ್ಟನೆ ನಿಲ್ಲಿಸಿದರೆ ಬೆವರು, ನಡುಕ ಬರುತ್ತದೆ, ನಿಧಾನವಾಗಿ ಇಳಿಸಬೇಕು. ಆದರೆ ದೇಹದ ಅಭ್ಯಾಸ ಬೇರೆ, ಮನೆಮಠ ಮರೆತು ಅದರ ಹಿಂದೆ ಓಡುವ ವ್ಯಸನ ಬೇರೆ. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು, ಮನೆಯಲ್ಲೇ ಮಾರ್ಫಿನ್ ತೆಗೆದುಕೊಂಡ 1,723 ರೋಗಿಗಳನ್ನು ಎರಡು ವರ್ಷ ಗಮನಿಸಿ 2001ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬರೆದರು. ದುರ್ಬಳಕೆಯಾಗಲಿ, ಕಳ್ಳದಾರಿಗೆ ಹೋಗಿದ್ದಾಗಲಿ ಒಂದೂ ಕಂಡುಬರಲಿಲ್ಲ.

ನಿಕೋಟಿನ್ ನೋವು ತಗ್ಗಿಸುತ್ತದೆಯೇ?

ಕಾಕಾ ಒಮ್ಮೆ ಕೇಳಿದ್ದರು, 'ಮಾವಾ ಹಾಕಿದರೆ ಹತ್ತು ನಿಮಿಷ ನೋವು ಗೊತ್ತಾಗುವುದಿಲ್ಲ, ಹೌದಾ?' ಆಗ ನಾನು ನಕ್ಕಿದ್ದೆ. ಓದಿದ ಮೇಲೆ ಗೊತ್ತಾಯಿತು, ಆ ಮಾತಿನಲ್ಲಿ ಸತ್ಯಾಂಶವಿತ್ತು.

ಅಮೆರಿಕದ ರಸಾಯನ ವಿಜ್ಞಾನಿ ಜಾನ್ ಡ್ಯಾಲಿ 1974ರಲ್ಲಿ ಈಕ್ವೆಡಾರಿನ ಕಾಡಿನಿಂದ ಒಂದು ಪುಟ್ಟ ಬಣ್ಣದ ಕಪ್ಪೆಯ ಚರ್ಮದ ಸಾರ ತಂದರು. ಇಲಿಗಳ ಮೇಲೆ ಅದು ಮಾರ್ಫಿನ್‌ಗಿಂತ ಇನ್ನೂರು ಪಟ್ಟು ಬಲವಾಗಿ ನೋವು ತಗ್ಗಿಸಿತು. ಆದರೆ ಸಿಕ್ಕಿದ್ದು ಚೂರೇ ಚೂರು. ಅದರ ರಚನೆ ಬಿಡಿಸಲು 1992ರವರೆಗೆ ಕಾಯಬೇಕಾಯಿತು. ಎಪಿಬ್ಯಾಟಿಡಿನ್ ಎಂಬ ಆ ವಸ್ತು ಅಫೀಮಿನ ಬೀಗ ಮುಟ್ಟುವುದೇ ಇಲ್ಲ, ನಿಕೋಟಿನ್‌ನ ಬೀಗ ತೆರೆಯುತ್ತದೆ. ವ್ಯಸನ ತರದ ನೋವು ನಿವಾರಕ ಸಿಕ್ಕಿತು ಅಂತ ಎಲ್ಲರಿಗೂ ಆಸೆ. ಆದರೆ ಗುಣ ಕೊಡುವ ಪ್ರಮಾಣಕ್ಕೂ ಪ್ರಾಣ ತೆಗೆಯುವ ಪ್ರಮಾಣಕ್ಕೂ ಅಂತರ ತೀರ ಕಡಿಮೆ. ಅದನ್ನು ಪಳಗಿಸಿ ಮಾಡಿದ ಔಷಧವೂ ಅಡ್ಡಪರಿಣಾಮಗಳಿಂದಾಗಿ ಮನುಷ್ಯರ ಪ್ರಯೋಗದಲ್ಲಿ ನಿಂತುಹೋಯಿತು.

ನಿಕೋಟಿನ್ ಸ್ವಲ್ಪ ಹೊತ್ತು ನೋವು ಮರೆಸುತ್ತದೆ. ಅದು ಇಳಿದಾಗ ನೋವು ಮೊದಲಿಗಿಂತ ಹೆಚ್ಚಾಗಿ ಕಾಣುತ್ತದೆ, ಕೈ ಮತ್ತೆ ಪೊಟ್ಟಣಕ್ಕೆ ಹೋಗುತ್ತದೆ. ನೋವಿರುವವರಿಗೆ ತಂಬಾಕು ಬಿಡುವುದು ಅಷ್ಟು ಕಷ್ಟವಾಗುವುದು ಇದರಿಂದಲೇ. ಅವರನ್ನು ಮನೋಬಲ ಇಲ್ಲದವರು ಅಂತ ಹೀಯಾಳಿಸಿ ಪ್ರಯೋಜನವಿಲ್ಲ.

ನಮ್ಮ ತೋಟ, ಅವರ ಹೊಲ

ಇಲ್ಲಿ ನನ್ನದೊಂದು ಮಾತು ಹೇಳಲೇಬೇಕು. ನಾನು ಶಿರಸಿ ಕಡೆಯವನು. ನಮ್ಮದು ಅಡಿಕೆ ತೋಟ. ನಮ್ಮ ಕಡೆಯ ಚಾಲಿ ಅಡಿಕೆಗೆ ಗುಜರಾತು ದೊಡ್ಡ ಮಾರುಕಟ್ಟೆ. ನಾನು ಓದಿದ್ದು ಆ ಅಡಿಕೆಯ ದುಡ್ಡಿನಲ್ಲಿ. ಗಲ್ಲಾದಲ್ಲಿ ಅಡಿಕೆ ಚೂರು ಸುರಿಯುವ ಸದ್ದು ಕೇಳಿದಾಗ ಮೊದಲು ಊರು ನೆನಪಾಗುತ್ತಿತ್ತು, ಈಗ ಕಾಕಾರ ದವಡೆ ನೆನಪಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿ ಎರಡು ದಶಕ ದಾಟಿದೆ. ಊರಿನಲ್ಲಿ ಈ ಮಾತೆತ್ತಿದರೆ ಅಪ್ಪಯ್ಯ ಎದ್ದು ಹೋಗುತ್ತಾರೆ. ಅವರ ಸಿಟ್ಟೂ ನನಗೆ ಅರ್ಥವಾಗುತ್ತದೆ. ಎಲೆ ಮರ ಹತ್ತಿ ಕೊನೆ ಇಳಿಸಿದವರಿಗೆ ಬೇರೆ ದಾರಿ ಯಾರು ತೋರಿಸಿದ್ದಾರೆ?

ತಂಬಾಕಿನದೂ ಅದೇ ನಂಟು. ಬೀಡಿ ತಂಬಾಕಿಗೆ ದೇಶದಲ್ಲಿ ಎರಡು ಹೆಸರಾದ ಸೀಮೆಗಳು: ಒಂದು ನಮ್ಮ ನಿಪ್ಪಾಣಿ, ಇನ್ನೊಂದು ವಡೋದರಾದಿಂದ ನಲವತ್ತು ಕಿಲೋಮೀಟರ್ ದೂರದ ಆನಂದ್ ಸುತ್ತಲಿನ ಚರೋತರ್. ಹಾಲಿನಿಂದ ಹೆಸರಾದ ನೆಲದಲ್ಲೇ ತಂಬಾಕೂ ಬೆಳೆಯುತ್ತದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಂಶೋಧಕರು 1970ರ ದಶಕದಲ್ಲೇ ತಂಬಾಕು ಹೊಲದ ಕೂಲಿಗಳ ಆರೋಗ್ಯದ ಬಗ್ಗೆ ಬರೆದಿದ್ದರು. ಹಸಿ ಎಲೆ ಮುಟ್ಟುವ ಕೈಯಿಂದ ನಿಕೋಟಿನ್ ಚರ್ಮದೊಳಗೆ ಇಳಿದು ತಲೆ ಸುತ್ತು, ವಾಂತಿ, ತಲೆನೋವು ಬರುತ್ತದೆ. ಎಂದೂ ಬೀಡಿ ಸೇದದ ಹೆಂಗಸಿನ ರಕ್ತದಲ್ಲೂ ನಿಕೋಟಿನ್ ಸೇರಬಹುದು.

2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಗುಜರಾತಿನ ವಯಸ್ಕರಲ್ಲಿ ನೂರಕ್ಕೆ 25 ಮಂದಿ, ಕರ್ನಾಟಕದಲ್ಲಿ ಸುಮಾರು 23 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಗುಟ್ಕಾವನ್ನು ಗುಜರಾತು 2012ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧಿಸಿದವು. ಕಂಪನಿಗಳು ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಮಾಡಿದವು. ಬೆರೆಸುವ ಕೆಲಸ ಗಿರಾಕಿಯ ಅಂಗೈಗೆ ಬಂತು.

ಭಯದ ಕಾನೂನು

ಇನ್ನು ಮಾರ್ಫಿನ್ ಯಾಕೆ ಸಿಗಲಿಲ್ಲ ಅನ್ನುವುದು. ಔಷಧಿಗೆಂದು ಕಾನೂನುಬದ್ಧವಾಗಿ ಅಫೀಮು ಬೆಳೆಯುವ ಕೆಲವೇ ದೇಶಗಳಲ್ಲಿ ನಮ್ಮದೂ ಒಂದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಪರವಾನಗಿ ಪಡೆದ ರೈತರು ಬೆಳೆಯುತ್ತಾರೆ. ನೀಮಚ್ ಮತ್ತು ಘಾಜಿಪುರದಲ್ಲಿ ಸರ್ಕಾರದ ಕಾರ್ಖಾನೆಗಳಿವೆ. ಗುಜರಾತಿನ ಗಡಿಯಾಚೆ ಬೆಳೆಯುವ ಗಿಡದ ಔಷಧಿ ಗುಜರಾತಿನ ರೋಗಿಗೆ ಸಿಗದು.

1985ರಲ್ಲಿ ಮಾದಕವಸ್ತು ನಿಯಂತ್ರಣಕ್ಕೆ ಎನ್‌ಡಿಪಿಎಸ್ ಕಾನೂನು ಬಂತು. ಉದ್ದೇಶ ಕಳ್ಳಸಾಗಣೆ ತಡೆಯುವುದು. ಆದರೆ ಕಾಗದಪತ್ರದಲ್ಲಿ ಸಣ್ಣ ತಪ್ಪಾದರೂ ಜೈಲಿನ ಭಯ, ಹಲವು ಇಲಾಖೆಗಳಿಂದ ಬೇರೆ ಬೇರೆ ಪರವಾನಗಿ. ಆಸ್ಪತ್ರೆಗಳು, ಅಂಗಡಿಗಳು ಕೈಬಿಟ್ಟವು. ದೇಶದಲ್ಲಿ ಔಷಧಿಯಾಗಿ ಬಳಸುವ ಮಾರ್ಫಿನ್ ಶೇಕಡಾ 97ರಷ್ಟು ಕುಸಿದು 1997ರಲ್ಲಿ 18 ಕಿಲೋ ಆಸುಪಾಸಿಗೆ ಬಂತು. ಇಡೀ ದೇಶಕ್ಕೆ, ವರ್ಷಕ್ಕೆ. ಒಂದು ತಲೆಮಾರಿನ ವೈದ್ಯರು ಮಾರ್ಫಿನ್ ಬರೆಯಲು ಕಲಿಯದೆಯೇ ಡಿಗ್ರಿ ಪಡೆದರು.

ಅಮೆರಿಕ ಇದಕ್ಕೆ ತದ್ವಿರುದ್ಧ. ಅಲ್ಲಿ 1996ರಲ್ಲಿ ಆಕ್ಸಿಕಾಂಟಿನ್ ಎಂಬ ಮಾತ್ರೆ ಬಂತು. ಚಟದ ಅಪಾಯ ಕಡಿಮೆ ಎಂದು ಕಂಪನಿ ಪ್ರಚಾರ ಮಾಡಿತು. ಬೆನ್ನುನೋವು, ಮಂಡಿನೋವಿಗೂ ತಿಂಗಳುಗಟ್ಟಲೆ ಬರೆದರು. 2007ರಲ್ಲಿ ಪರ್ಡ್ಯೂ ಕಂಪನಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಬೆಂಕಿ ಹಬ್ಬಿತ್ತು, ಮಾತ್ರೆಯಿಂದ ಹೆರಾಯಿನ್, ಅಲ್ಲಿಂದ ಕಳ್ಳ ಫೆಂಟನಿಲ್. 2021 ಒಂದೇ ವರ್ಷದಲ್ಲಿ ಅಲ್ಲಿ ಓಪಿಯಾಯ್ಡ್ ಅತಿಸೇವನೆಯಿಂದ ಸತ್ತವರು 80,000ಕ್ಕೂ ಹೆಚ್ಚು. 'ಲ್ಯಾನ್ಸೆಟ್' ಆಯೋಗದ 2017ರ ಲೆಕ್ಕದಲ್ಲಿ ಅಮೆರಿಕದಲ್ಲಿ ಅಗತ್ಯದ ಮೂವತ್ತು ಪಟ್ಟಿಗೂ ಹೆಚ್ಚು ಓಪಿಯಾಯ್ಡ್ ಹಂಚಿಕೆಯಾಗುತ್ತಿತ್ತು, ಭಾರತದಲ್ಲಿ ಅಗತ್ಯದ ಶೇಕಡಾ 4. ಒಂದು ದೇಶಕ್ಕೆ ಭಯವೇ ಇರಲಿಲ್ಲ, ಇನ್ನೊಂದಕ್ಕೆ ಭಯ ಬಿಟ್ಟು ಬೇರೇನೂ ಇರಲಿಲ್ಲ.

ನಮ್ಮಲ್ಲಿ ದಾರಿ ತೆರೆಯಲು ಹೆಣಗಿದವರೂ ಇದ್ದಾರೆ. 1993ರಲ್ಲಿ ಕೋಯಿಕ್ಕೋಡಿನಲ್ಲಿ ರಾಜಗೋಪಾಲ್ ಮತ್ತು ಗೆಳೆಯರು ನೋವಿನ ಆರೈಕೆಗೆ ಸಂಘ ಕಟ್ಟಿದರು. ಭಾರತೀಯ ಉಪಶಾಮಕ ಆರೈಕೆ ಸಂಘ 1994ರಲ್ಲಿ ನೋಂದಣಿಯಾಗಿದ್ದು ನಮ್ಮ ಅಹಮದಾಬಾದಿನಲ್ಲೇ. ಅದೇ 1994ರಲ್ಲಿ ಬೆಂಗಳೂರಿನಲ್ಲಿ ಕರುಣಾಶ್ರಯ ಶುರುವಾಯಿತು. ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಇಂಥವರ ಒತ್ತಾಯದಿಂದ 2014ರಲ್ಲಿ ಎನ್‌ಡಿಪಿಎಸ್ ಕಾನೂನಿಗೆ ತಿದ್ದುಪಡಿ ಬಂತು. ಮಾರ್ಫಿನ್ ಸೇರಿ ಆರು ಔಷಧಿಗಳು 'ಅಗತ್ಯ' ಪಟ್ಟಿಗೆ ಸೇರಿದವು. ಈಗ ರಾಜ್ಯದ ಔಷಧ ನಿಯಂತ್ರಕರ ಒಂದೇ ಮಾನ್ಯತೆ ಇದ್ದರೆ ಆಸ್ಪತ್ರೆ ಇವನ್ನು ಇಡಬಹುದು. ಕಾನೂನು ಬದಲಾಗಿದೆ, ಭಯ ಇನ್ನೂ ಹೋಗಿಲ್ಲ. ಆ ರಾತ್ರಿ ಚೀಟಿ ಮುಟ್ಟದ ಅಂಗಡಿಯವನು ಕೆಟ್ಟವನಲ್ಲ, ಹೆದರಿದವನು.

ಕಾಸ್ಟರ್ಲಿಟ್ಜ್ ಹೊರಟಿದ್ದು ಚಟ ಹಿಡಿಸದ ನೋವು ನಿವಾರಕ ಹುಡುಕಲು. 1996ರಲ್ಲಿ ತೀರಿಕೊಳ್ಳುವವರೆಗೂ ಅದು ಸಿಗಲಿಲ್ಲ. 2025ರ ಜನವರಿಯಲ್ಲಿ ಅಮೆರಿಕ ಸುಜೆಟ್ರಿಜಿನ್ ಎಂಬ ಹೊಸ ಬಗೆಯ ಔಷಧಿಗೆ ಅನುಮತಿ ಕೊಟ್ಟಿತು. ಅದು ಮಿದುಳಿನ ಬೀಗ ಮುಟ್ಟದೆ, ನೋವಿನ ಸಂದೇಶ ಹೊರಡುವ ನರದಲ್ಲೇ ತಡೆಯುತ್ತದೆ. ಸದ್ಯಕ್ಕೆ ಶಸ್ತ್ರಚಿಕಿತ್ಸೆಯಂಥ ಅಲ್ಪಕಾಲದ ನೋವಿಗೆ ಮಾತ್ರ. ಕಾಕಾರಂಥವರಿಗೆ ಇವತ್ತಿಗೂ ಮಾರ್ಫಿನ್ನೇ ಗತಿ.

ಕಾಕಾ ಮಾರ್ಚಿನಲ್ಲಿ ತೀರಿಕೊಂಡರು. ಕೊನೆಯ ಏಳು ವಾರ ನರಳಲಿಲ್ಲ. ಮೊಮ್ಮಗಳ ಜೊತೆ ಕೇರಂ ಆಡಿದರು, ಒಂದು ದಿನ ನಮ್ಮ ಮನೆಯಿಂದ ತೊಡೆದೇವು ತರಿಸಿ ನೀರಿನಲ್ಲಿ ನೆನೆಸಿಕೊಂಡು ತಿಂದರು. ಆ ಏಳು ವಾರ ಕೊಟ್ಟಿದ್ದು ಕೆಲವು ರೂಪಾಯಿಯ ಮಾತ್ರೆ.

ನಮ್ಮವರು ಯಾರಾದರೂ ಇಂಥ ನೋವಿನಲ್ಲಿದ್ದರೆ 'ಸಹಿಸಿಕೊಳ್ಳಿ' ಅನ್ನಬೇಡಿ. ಇಲ್ಲಿ ನೋವಿನ ಆರೈಕೆ ಇದೆಯೇ, ಮಾರ್ಫಿನ್ ಇಡುವ ಮಾನ್ಯತೆ ಇದೆಯೇ ಅಂತ ಆಸ್ಪತ್ರೆಯಲ್ಲಿ ನೇರವಾಗಿ ಕೇಳಿ. ರಾತ್ರಿ ಓಡಾಡುವ ಹೊತ್ತು ಬರುವ ಮೊದಲೇ ಕೇಳಿ. ತಂಬಾಕು ಬಿಡಬೇಕು ಅನ್ನುವವರಿಗೆ 1800-11-2356 ಎಂಬ ಉಚಿತ ಸಹಾಯವಾಣಿ ಇದೆ. ಆ ಜಾಲದಲ್ಲಿ ನಿಮ್ಹಾನ್ಸ್ ಕೂಡ ಇದೆ, ಕನ್ನಡದಲ್ಲೇ ಮಾತಾಡಬಹುದು.

ಕಾಕಾರ ಹದಿಮೂರನೆಯ ದಿನ ಗಲ್ಲಾದವನೂ ಬಂದಿದ್ದ. ಹೊರಡುವಾಗ ಆ ಸಹಾಯವಾಣಿಯ ನಂಬರ್ ಕೇಳಿ, ತನ್ನ ಫೋನಿನಲ್ಲಿ ಬರೆದುಕೊಂಡ. ಯಾರಿಗೆ ಅಂತ ನಾನು ಕೇಳಲಿಲ್ಲ.